ಉಬ್ಬರದ ಜೌಗಿನಲ್ಲಿ ಪೀಟ್ ಹೇಗೆ ಕಟ್ಟಿಕೊಳ್ಳುತ್ತದೆ?

ಪ್ರಶ್ನೆ: ಉಬ್ಬರದ ನೀರು ಬಂದುಹೋಗುವ ಹುಲ್ಲಿನ ಜೌಗೊಂದರಲ್ಲಿ ಕೊರಕಲಿನ ದಡ ಕುಸಿದು, ನೆಲದ ಒಳಗು ಸೀಳಿಟ್ಟಂತೆ ಕಾಣುತ್ತಿದೆ. ಮೇಲಿನ ಒಂದೂವರೆ ಮೀಟರ್ ಕಂದು ಬಣ್ಣದ, ನಾರುನಾರಾದ ಪೀಟ್, ಅಂದರೆ ಪೂರ್ತಿ ಕೊಳೆಯದ ಸಸ್ಯಶೇಷ ಕೂಡಿ ಆದ ಮಣ್ಣು. ಅದರಡಿ ಬೂದು ಬಣ್ಣದ ಜಿಗುಟು ಕೆಸರು. ಇಷ್ಟು ಪೀಟ್ ಕೂಡಲು ಎಷ್ಟು ವರ್ಷ ಹಿಡಿದಿರಬಹುದು? ವರ್ಷವರ್ಷವೂ ಒಣಗಿ ಬೀಳುವ ಹುಲ್ಲು ಪದರಪದರವಾಗಿ ಕೂತು ಆದದ್ದೇ ಇದು? ದಪ್ಪವನ್ನು ‘ವರ್ಷಕ್ಕೆ ಇಷ್ಟು ಮಿಲಿಮೀಟರ್’ ಎಂದು ಭಾಗಿಸಿದರೆ ವಯಸ್ಸು ಸಿಗುತ್ತದೆಯೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯಿಂದ ಶುರುಮಾಡೋಣ. ಅದು ಬಗೆಹರಿದರೆ ಉಳಿದೆರಡಕ್ಕೂ ದಾರಿ ತಾನಾಗಿ ಸಿಗುತ್ತದೆ.

ಆ ಕಂದು ಭಾಗದಿಂದ ಹಿಡಿಗಾತ್ರದ ಒಂದು ಹೆಂಟೆ ತೆಗೆದು ಕೈಯಿಂದ ಮೆಲ್ಲಗೆ ಸೀಳಿ. ಚಾಕು ಬೇಡ, ಕತ್ತರಿಸಿದರೆ ನಾರು ಯಾವ ದಿಕ್ಕಿಗೆ ಹೋಗಿತ್ತು ಎಂಬುದು ಅಳಿಸಿಹೋಗುತ್ತದೆ. ಒಳಗೆ ಅಡ್ಡಲಾಗಿ ಮಲಗಿದ, ಟೊಳ್ಳಾದ, ಒತ್ತಿ ಚಪ್ಪಟೆಯಾದ ಕೊಳವೆಗಳು ಕಾಣುತ್ತವೆ. ಅವು ಹುಲ್ಲಿನ ನೆಲದೊಳಗಿನ ಕಾಂಡಗಳು, ಗೆಡ್ಡೆಕಾಂಡ ಅನ್ನುತ್ತೇವಲ್ಲ, ಅವು. ಅವುಗಳಿಂದ ಕೆಳಗೂ ಪಕ್ಕಕ್ಕೂ ಕೂದಲಿನಷ್ಟು ಸಣ್ಣ ಬೇರುಗಳು ಹೆಣೆದುಕೊಂಡಿರುತ್ತವೆ. ಎಲೆಯ ಚೂರಿಗಾಗಿ ಹುಡುಕಿ. ಇಡೀ ಹೆಂಟೆಯಲ್ಲಿ ಒಂದೋ ಎರಡೋ ಸಿಕ್ಕರೆ ಹೆಚ್ಚು.

ನಿಮ್ಮ ಪ್ರಶ್ನೆಗೆ ಉತ್ತರ ಆ ಹೆಂಟೆಯಲ್ಲೇ ಇದೆ. ಜೌಗಿನ ಪೀಟ್ ಬಹುಪಾಲು ಬೇರಿನದ್ದು. ಮೇಲೆ ಬೀಳುವ ಹುಲ್ಲಿನ ಗತಿಯೇ ಬೇರೆ: ಉಬ್ಬರ ಅದರಲ್ಲಿ ಒಂದಷ್ಟನ್ನು ಎತ್ತಿಕೊಂಡು ಹೋಗಿ ಜೌಗಿನ ಒಳಂಚಿನಲ್ಲಿ ರಾಶಿ ಹಾಕುತ್ತದೆ, ಒಂದಷ್ಟನ್ನು ಕಡಲಿಗೆ ಒಯ್ಯುತ್ತದೆ. ಉಳಿದದ್ದನ್ನು ಬಸವನಹುಳು, ಏಡಿ, ಸಣ್ಣಪುಟ್ಟ ಜೀವಿಗಳು ಚೂರು ಮಾಡುತ್ತವೆ. ಗಾಳಿ ಸಿಗುವ ಜಾಗವಾದ್ದರಿಂದ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಅದನ್ನು ಮುಗಿಸಿಯೂ ಬಿಡುತ್ತವೆ. ಬೇರಿಗೆ ಆ ಗತಿ ಇಲ್ಲ. ಅದು ಹುಟ್ಟುವುದೇ ಗಾಳಿಯಿಲ್ಲದ ಜಾಗದಲ್ಲಿ, ಸಾಯುವುದೂ ಅಲ್ಲೇ. ಅನೇಕ ಹುಲ್ಲಿನ ಜೌಗುಗಳಲ್ಲಿ ವರ್ಷಕ್ಕೆ ನೆಲದ ಮೇಲೆ ಬೆಳೆಯುವುದಕ್ಕಿಂತ ನೆಲದೊಳಗೆ ಬೆಳೆಯುವುದೇ ಜಾಸ್ತಿ, ಅದರಲ್ಲೂ ಮೇಲಿನ 20–30 ಸೆಂ.ಮೀ. ಒಳಗೆ. ಹಾಗಾಗಿ ಪೀಟಿನ ನೆಲ ಮೇಲಿನಿಂದ ಹೇರಿಸಿಕೊಂಡು ಎತ್ತರವಾಗುವುದಿಲ್ಲ, ಒಳಗಿನಿಂದ ಉಬ್ಬಿಕೊಂಡು ಎತ್ತರವಾಗುತ್ತದೆ. ಮಧ್ಯ ಅಮೆರಿಕದ ಬೆಲೀಜ್‌ನ ಟ್ವಿನ್ ಕೇಸ್ ದ್ವೀಪಗಳಲ್ಲಿ ಮ್ಯಾಂಗ್ರೋವ್ ಪೀಟ್ ಸುಮಾರು 10 ಮೀಟರ್ ದಪ್ಪ ಇದೆ. ನದಿಯ ಹೂಳು ತಲುಪದ ಆ ಜಾಗದಲ್ಲಿ ಅಷ್ಟೂ ದಪ್ಪವನ್ನು ಕಟ್ಟಿದ್ದು ಮುಖ್ಯವಾಗಿ ಬೇರುಗಳೇ.

ಬೇರು ಕೊಳೆಯುವುದಿಲ್ಲವೇ ಎಂದರೆ, ಕೊಳೆಯುತ್ತದೆ, ಆದರೆ ಅರೆಬರೆ. ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದರ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ನೀರು ತುಂಬಿದ ಕೆಸರಿನಲ್ಲಿ ಮೇಲಿನ ಕೆಲವೇ ಮಿಲಿಮೀಟರಿನಲ್ಲಿ ಆಮ್ಲಜನಕ ಖಾಲಿಯಾಗುತ್ತದೆ. ಅದರ ಕೆಳಗೆ ಬ್ಯಾಕ್ಟೀರಿಯಾಗಳು ನೈಟ್ರೇಟ್, ಕಬ್ಬಿಣ, ಆಮೇಲೆ ಸಲ್ಫೇಟ್ ಬಳಸಿ ಉಸಿರಾಡುತ್ತವೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್ ಇರುವುದರಿಂದ ಉಪ್ಪುಜೌಗಿನಲ್ಲಿ ಅದಕ್ಕೆ ಬರವಿಲ್ಲ. ಸಕ್ಕರೆ, ಪ್ರೊಟೀನು ಬೇಗ ಹೋಗುತ್ತವೆ. ಸೆಲ್ಯುಲೋಸ್ ನಿಧಾನವಾಗಿ ಕರಗುತ್ತದೆ. ಸಸ್ಯಕ್ಕೆ ಗಟ್ಟಿತನ ಕೊಡುವ ಲಿಗ್ನಿನ್‌ನ ಕಟ್ಟು ಬಿಚ್ಚಲು ಆಮ್ಲಜನಕ ಬೇಕೇ ಬೇಕು ಎನ್ನುವಷ್ಟು ಗಟ್ಟಿ, ಆದ್ದರಿಂದ ಅದು ಉಳಿಯುತ್ತದೆ. ನೀವು ಕೈಯಲ್ಲಿ ಹಿಡಿದ ನಾರು ಎಂದರೆ ಹೀಗೆ ತಿಂದು ಬಿಟ್ಟ ಉಳಿಕೆ.

ಸಲ್ಫೇಟ್ ಉಸಿರಾಟದ ಗುರುತು ಮೂಗಿಗೂ ಕಣ್ಣಿಗೂ ಸಿಗುತ್ತದೆ. ಹೊಸದಾಗಿ ಸೀಳಿದಾಗ ಕೊಳೆತ ಮೊಟ್ಟೆಯ ವಾಸನೆ ಬರುವುದು ಹೈಡ್ರೋಜನ್ ಸಲ್ಫೈಡ್‌ನದ್ದು. ಕೆಸರು ಮಸಿಯಂತೆ ಕಪ್ಪಾಗಿರುವುದು ಕಬ್ಬಿಣದ ಸಲ್ಫೈಡ್‌ನಿಂದ. ಆ ಕಪ್ಪು ಮುಖವನ್ನು ಗಾಳಿಗೆ ಬಿಟ್ಟು ನೋಡುತ್ತಿದ್ದರೆ ಅದು ಮಾಸಿ ಬೂದುಕಂದಾಗುತ್ತದೆ. ಗಾಳಿ ಆಗಲೇ ತನ್ನ ಕೆಲಸ ಶುರುಮಾಡಿರುತ್ತದೆ. ಜೀವಂತ ಬೇರಿನ ಸುತ್ತ ಮಾತ್ರ ತುಕ್ಕಿನ ಬಣ್ಣದ ಸಣ್ಣ ಉಂಗುರ ಕಾಣಬಹುದು. ಹುಲ್ಲು ತನ್ನ ಒಳಗಿನ ಗಾಳಿಕೊಳವೆಗಳ ಮೂಲಕ ಬೇರಿಗೆ ಆಮ್ಲಜನಕ ಇಳಿಸುತ್ತದೆ, ಅದರಲ್ಲಿ ಸ್ವಲ್ಪ ಹೊರಗೆ ಸೋರಿ ಕಬ್ಬಿಣ ತುಕ್ಕು ಹಿಡಿಯುತ್ತದೆ. ಜೀವಂತ ಬೇರು ಬೆಳ್ಳಗೆ, ಬಿರುಸಾಗಿರುತ್ತದೆ. ಸತ್ತದ್ದು ಕಂದು, ಮೆತ್ತಗೆ. ನೀರಿಗೆ ಹಾಕಿದರೆ ಮೊದಲನೆಯದು ಸಾಮಾನ್ಯವಾಗಿ ತೇಲುತ್ತದೆ, ಎರಡನೆಯದು ಮುಳುಗುತ್ತದೆ. ಬೇರುಗಳನ್ನು ಬೇರ್ಪಡಿಸುವವರು ಇದನ್ನೇ ನೆಚ್ಚಿಕೊಳ್ಳುತ್ತಾರೆ.

ಈಗ ಮುಖ್ಯವಾದ ವಿಷಯ: ಬೇರು ಉಳಿದರಷ್ಟೇ ಸಾಲದು, ಪೀಟಿಗೆ ಬೆಳೆಯಲು ಜಾಗ ಬೇಕು. ಆ ಜಾಗ ಕೊಡುವುದು ನೀರು. ಸಮುದ್ರಮಟ್ಟ ನಿಂತಲ್ಲೇ ನಿಂತಿದೆ ಎಂದುಕೊಳ್ಳಿ. ಜೌಗು ಏರುತ್ತ ಏರುತ್ತ ದೊಡ್ಡ ಉಬ್ಬರದ ಮಟ್ಟ ತಲುಪುತ್ತದೆ. ಆಮೇಲೆ ನೀರು ಅಪರೂಪಕ್ಕೆ ಬರುತ್ತದೆ, ನೆಲಕ್ಕೆ ಗಾಳಿ ಇಳಿಯುತ್ತದೆ, ಹೊಸ ಬೇರು ಬಂದಷ್ಟೇ ಹಳೆಯದು ಕೊಳೆಯುತ್ತದೆ. ಬೆಳವಣಿಗೆ ಅಲ್ಲಿಗೆ ನಿಲ್ಲುತ್ತದೆ. ಒಂದು ಮೀಟರಿಗೂ ಮೀರಿ ಉಬ್ಬರದ ಪೀಟ್ ಕೂತಿದೆ ಎಂದರೆ, ಅಷ್ಟು ಕಾಲವೂ ಆ ಜಾಗಕ್ಕೆ ಹೋಲಿಸಿದರೆ ಸಮುದ್ರ ನಿಧಾನವಾಗಿ ಏರುತ್ತಿತ್ತು, ಇಲ್ಲವೇ ನೆಲ ಕುಸಿಯುತ್ತಿತ್ತು ಎಂದೇ ಅರ್ಥ. ಹಿಮಯುಗದ ನಂತರ ಭರದಿಂದ ಏರುತ್ತಿದ್ದ ಸಮುದ್ರ ಸುಮಾರು 7,000–6,000 ವರ್ಷಗಳ ಹಿಂದೆ ನಿಧಾನವಾಯಿತು. ಇಂದಿನ ಉಬ್ಬರದ ಜೌಗುಗಳಲ್ಲಿ ಹೆಚ್ಚಿನವು ಅದಕ್ಕಿಂತ ಈಚಿನವು.

ಇದನ್ನು ನೆಲ ಅಗೆದು ತೋರಿಸಿದವರಲ್ಲಿ ಸಾಗರವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್ ಮುಖ್ಯರು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಬಾರ್ನ್‌ಸ್ಟೇಬಲ್ ಜೌಗಿನ ಬಗ್ಗೆ ಅವರು 1965 ಮತ್ತು 1972ರಲ್ಲಿ ಬರೆದ ಪ್ರಬಂಧಗಳ ವಾದ ಸರಳ. ಸ್ಪಾರ್ಟಿನಾ ಪೇಟೆನ್ಸ್ ಎಂಬ ಸಣ್ಣ ಹುಲ್ಲು ಉಬ್ಬರದ ಸರಾಸರಿ ಮಟ್ಟದ ಆಸುಪಾಸಿನಲ್ಲಷ್ಟೇ ಚೆನ್ನಾಗಿ ಬದುಕುತ್ತದೆ. ಅದರ ಬೇರು ಮೀಟರ್‌ಗಟ್ಟಲೆ ಆಳದಲ್ಲಿ ಸಿಕ್ಕರೆ, ಆ ಕಾಲದಲ್ಲಿ ಉಬ್ಬರದ ಮಟ್ಟವೂ ಅಷ್ಟು ಕೆಳಗಿತ್ತು. ಜೌಗು ಎರಡು ದಿಕ್ಕಿಗೆ ಹಬ್ಬುತ್ತದೆ ಎಂಬುದನ್ನೂ ಅವರು ವಿವರಿಸಿದರು: ಒಂದು, ಹೊರಗೆ ಕೆಸರುಬಯಲಿನ ಮೇಲೆ, ಇನ್ನೊಂದು, ಒಳಗೆ ಒಣನೆಲದ ಮೇಲೆ.

ನಿಮ್ಮ ದಡದಲ್ಲಿ ಪೀಟಿನ ಕೆಳಗೆ ಬೂದು ಕೆಸರಿದೆ ಎಂದಿದ್ದೀರಿ. ಹಾಗಾದರೆ ಅದು ಮೊದಲ ಬಗೆಯದ್ದಿರಬೇಕು. ಕೆಸರುಬಯಲು ಹೂಳು ತುಂಬಿ ಎತ್ತರವಾಗಿ, ಒಂದು ಹಂತದಲ್ಲಿ ಹುಲ್ಲು ಬೇರೂರಿದೆ. ಪೀಟಿನ ಅಡಿಯಲ್ಲಿ ಮರದ ಬೊಡ್ಡೆ, ಹಳೆಯ ತೋಟದ ಮಣ್ಣಿನಂಥ ಪದರ ಅಥವಾ ಮರಳು ಸಿಕ್ಕಿದ್ದರೆ ಎರಡನೆಯ ಬಗೆ ಎನ್ನುತ್ತಿದ್ದೆ. ಕೆಳಗಿನಿಂದ ಮೇಲಕ್ಕೆ ನಾರಿನ ಬಗೆ ಬದಲಾಗುತ್ತದೆಯೇ ಎಂದು ಗಮನಿಸಿ. ಬೂದು ಕೆಸರಿನ ಮೇಲೆ ಮೊದಲು ದಪ್ಪ ಗೆಡ್ಡೆಕಾಂಡಗಳ, ಕೆಸರು ಬೆರೆತ ಒರಟು ಪೀಟ್, ಅದರ ಮೇಲೆ ಸಣ್ಣ ಬೇರಿನ ಒತ್ತಾದ ಚಾಪೆಯಂಥ ಪೀಟ್ ಇದ್ದರೆ, ಜೌಗು ತಗ್ಗಿನ ಹಂತದಿಂದ ಎತ್ತರದ ಹಂತಕ್ಕೆ ಏರಿದ ಇಡೀ ಕಥೆ ಅಲ್ಲಿದೆ. ಕಣ್ಣಿಗೆ ಖಚಿತವಾಗದಿದ್ದರೆ 63 ಮೈಕ್ರಾನ್ ಜರಡಿಯಲ್ಲಿ ಸ್ವಲ್ಪ ಪೀಟ್ ತೊಳೆದು, ಒದ್ದೆಯಾಗಿರುವಾಗಲೇ ಸೂಕ್ಷ್ಮದರ್ಶಕದಲ್ಲಿ ನೋಡಿ. ಮರಳಿನ ಕಣ ಅಂಟಿಸಿ ಚಿಪ್ಪು ಕಟ್ಟಿಕೊಳ್ಳುವ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳಲ್ಲಿ ಟ್ರೊಕಮಿನಾ ಇನ್‌ಫ್ಲಾಟಾ, ಜಡಮಿನಾ ಮ್ಯಾಕ್ರೆಸೆನ್ಸ್‌ನಂಥವು ತುಂಬಿದ್ದರೆ ಅದು ಉಬ್ಬರದ ಮೇಲ್ಮಟ್ಟದಲ್ಲಿದ್ದ ನೆಲ. ಒಣಗಿಸಿದರೆ ನಾರೆಲ್ಲ ಅಂಟಿಕೊಂಡು ಚಿಪ್ಪು ಹುಡುಕುವುದೇ ಕಷ್ಟವಾಗುತ್ತದೆ.

ಏರುವ ನೀರಿಗೂ ಬೆಳೆಯುವ ಬೇರಿಗೂ ನಡುವೆ ಒಂದು ಹೊಂದಾಣಿಕೆ ಇದೆ. ಅಮೆರಿಕದ ದಕ್ಷಿಣ ಕೆರೊಲಿನಾದ ನಾರ್ತ್ ಇನ್ಲೆಟ್ ಜೌಗನ್ನು ಆಧರಿಸಿ ಜೇಮ್ಸ್ ಮಾರಿಸ್ ಮತ್ತು ಜೊತೆಗಾರರು 2002ರಲ್ಲಿ ಇದನ್ನು ಲೆಕ್ಕದ ರೂಪದಲ್ಲಿ ಇಟ್ಟರು. ಹುಲ್ಲಿಗೆ ಅತ್ಯಂತ ಒಗ್ಗುವ ಮುಳುಗಡೆಯ ಆಳ ಒಂದಿರುತ್ತದೆ. ಜೌಗಿನ ನೆಲ ಆ ಮಟ್ಟಕ್ಕಿಂತ ಎತ್ತರದಲ್ಲಿದ್ದರೆ, ನೀರು ಸ್ವಲ್ಪ ಏರಿದಾಗ ಹುಲ್ಲು ಇನ್ನೂ ಹುಲುಸಾಗುತ್ತದೆ, ನೆಲವೂ ಏರಿ ನೀರನ್ನು ಹಿಡಿಯುತ್ತದೆ. ನೆಲ ಆ ಮಟ್ಟಕ್ಕಿಂತ ತಗ್ಗಿದ್ದರೆ ಅದೇ ಏರಿಕೆ ಹುಲ್ಲನ್ನು ಸೊರಗಿಸುತ್ತದೆ. ಬೇರು ಕಡಿಮೆ, ನೆಲ ಇನ್ನೂ ತಗ್ಗು, ಮುಳುಗಡೆ ಇನ್ನೂ ಹೆಚ್ಚು; ಈ ಸುಳಿಗೆ ಬಿದ್ದ ಜೌಗು ನೋಡುನೋಡುತ್ತ ನೀರುಗುಂಡಿಯಾಗುತ್ತದೆ. ಹೊರನೋಟಕ್ಕೆ ಎರಡೂ ಜೌಗುಗಳು ಹಸಿರಾಗೇ ಕಾಣಬಹುದು. ಆದ್ದರಿಂದ ಹುಲ್ಲಿನ ಬಣ್ಣ ನೋಡಿ ಜೌಗಿನ ಆರೋಗ್ಯ ಹೇಳುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿನ ಉಬ್ಬರದ ಮಟ್ಟಕ್ಕೆ ಹೋಲಿಸಿ ನೆಲದ ಎತ್ತರ ಅಳೆಯಲೇಬೇಕು.

ಇನ್ನು ಲೆಕ್ಕ. ಮಾರಿಸ್ ಮತ್ತು ಜೊತೆಗಾರರೇ 2016ರಲ್ಲಿ ಅಪಾರ ಸಂಖ್ಯೆಯ ಮಣ್ಣಿನ ಮಾದರಿಗಳಿಂದ ಎರಡು ಅಂಕಿ ತೆಗೆದರು: ಜೌಗಿನಲ್ಲಿ ಬರೀ ಸಾವಯವ ವಸ್ತು ತಾನಾಗಿ ಕೂತರೆ ಘನ ಸೆಂಟಿಮೀಟರಿಗೆ 0.085 ಗ್ರಾಂ, ಬರೀ ಖನಿಜ ಕೂತರೆ 1.99 ಗ್ರಾಂ. ಅಂದರೆ ಒಂದೇ ತೂಕದ ಬೇರು, ಹೂಳಿಗಿಂತ 23 ಪಟ್ಟು ಹೆಚ್ಚು ಜಾಗ ತುಂಬುತ್ತದೆ. ಉದಾಹರಣೆಗೆ, ಒಣತೂಕದಲ್ಲಿ ಶೇ. 40 ಸಾವಯವ, ಶೇ. 60 ಖನಿಜ ಇರುವ ಪೀಟ್ ತೆಗೆದುಕೊಳ್ಳಿ. 0.40ನ್ನು 0.085ರಿಂದ ಭಾಗಿಸಿದರೆ 4.71; 0.60ನ್ನು 1.99ರಿಂದ ಭಾಗಿಸಿದರೆ 0.30. ಒಟ್ಟು 5.01 ಘನ ಸೆಂ.ಮೀ. ಗ್ರಾಮಿಗೆ, ಅಂದರೆ ಸಾಂದ್ರತೆ ಸುಮಾರು 0.20. ತೂಕದಲ್ಲಿ ಹೂಳೇ ಹೆಚ್ಚು, ಆದರೆ ಗಾತ್ರದಲ್ಲಿ ಶೇ. 94 ಬೇರಿನ ಕೊಡುಗೆ. ‘ತೂಕ ಮಾಡಿ ನೋಡಿದೆವು, ಹೆಚ್ಚಿನದು ಮಣ್ಣೇ, ಹಾಗಾಗಿ ಇದು ಹೂಳಿನಿಂದ ಎತ್ತರವಾದ ನೆಲ’ ಎಂಬ ತೀರ್ಮಾನ ಎಷ್ಟು ದಾರಿತಪ್ಪಿಸಬಲ್ಲದು ಎಂಬುದಕ್ಕೆ ಈ ಒಂದು ಲೆಕ್ಕ ಸಾಕು.

ಇದೇ ಅಂಕಿಯಿಂದ ಬೇರಿನ ಮಿತಿಯೂ ಗೊತ್ತಾಗುತ್ತದೆ. ಒಂದು ಚದರ ಮೀಟರ್ ನೆಲ ಬೇರಿನಿಂದಲೇ 1 ಮಿ.ಮೀ. ಏರಬೇಕಾದರೆ 85 ಗ್ರಾಂ ಸಾವಯವ ವಸ್ತು ಕೊಳೆಯದೆ ಉಳಿಯಬೇಕು. ಸತ್ತ ಬೇರಿನ ಹತ್ತನೇ ಒಂದು ಪಾಲು ಉಳಿಯುತ್ತದೆ ಎಂದು ಇಟ್ಟುಕೊಂಡರೆ, 1 ಮಿ.ಮೀ.ಗೆ ವರ್ಷಕ್ಕೆ 850 ಗ್ರಾಂ ಒಣಬೇರು ಬೆಳೆಯಬೇಕು. ಉಪಗ್ರಹಗಳ ಪ್ರಕಾರ 1993ರಿಂದೀಚೆಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ ವರ್ಷಕ್ಕೆ 3 ಮಿ.ಮೀ.ಗೂ ಹೆಚ್ಚು ಏರಿದೆ. ಅಂದರೆ ಎರಡೂವರೆ ಕಿಲೋಗೂ ಮೀರಿದ ಬೇರು, ಪ್ರತಿ ಚದರ ಮೀಟರಿನಲ್ಲಿ, ಪ್ರತಿ ವರ್ಷ. ಬಹಳ ಜೌಗುಗಳಿಗೆ ಇದು ಕೈಗೆಟುಕದ ಮಾತು. ಉಳಿದ ಪಾಲನ್ನು ಹೂಳು ತುಂಬಬೇಕು. ನದಿಗೆ ಅಣೆಕಟ್ಟು ಕಟ್ಟಿ ಹೂಳು ಬರುವುದು ನಿಂತರೆ ಮೈಲುಗಳಾಚೆಯ ಜೌಗು ಮುಳುಗುವುದು ಈ ಕಾರಣಕ್ಕೆ.

ಈಗ ಪೀಟಿನ ವಯಸ್ಸಿನ ಪ್ರಶ್ನೆಗೆ ಬರೋಣ. ಸಮುದ್ರ ವರ್ಷಕ್ಕೆ 1–2 ಮಿ.ಮೀ. ಏರುತ್ತಿದ್ದ ಕರಾವಳಿಯಾದರೆ ಒಂದೂವರೆ ಮೀಟರ್ ಪೀಟಿಗೆ ಸುಮಾರು 750ರಿಂದ 1,500 ವರ್ಷ ಎಂಬ ಅಂದಾಜು ಇಟ್ಟುಕೊಳ್ಳಬಹುದು. ಆದರೆ ಅದನ್ನು ಅಂದಾಜು ಎಂದೇ ಹೇಳಿ, ವಯಸ್ಸು ಎಂದು ಬರೆದಿಡಬೇಡಿ. ಕೆಳಗಿನ ಪೀಟ್ ಮೇಲಿನ ಭಾರಕ್ಕೆ ಒತ್ತಿ ತೆಳುವಾಗಿದೆ, ಕೊಳೆತು ಇನ್ನಷ್ಟು ಕುಗ್ಗಿದೆ. ಮೇಲಿನ 10 ಸೆಂ.ಮೀ. ಹಾಗೂ ತಳದ 10 ಸೆಂ.ಮೀ. ಕೂಡಲು ಹಿಡಿದ ಕಾಲ ಒಂದೇ ಅಲ್ಲ. ಸಾಲದ್ದಕ್ಕೆ ನಿಮ್ಮಲ್ಲಿ ಪೀಟ್ ಕೂತಿರುವುದು ಮೆತ್ತನೆಯ ಕೆಸರಿನ ಮೇಲೆ. ಆ ಕೆಸರೂ ಕುಸಿದು ಇಡೀ ಪೀಟನ್ನು ಕೆಳಗಿಳಿಸಿರುತ್ತದೆ. ಹಳೆಯ ಸಮುದ್ರಮಟ್ಟ ಹುಡುಕುವವರು ಬಂಡೆ ಅಥವಾ ಗಟ್ಟಿ ಮರಳಿನ ಮೇಲೆ ನೇರವಾಗಿ ಕೂತ ತಳಪೀಟನ್ನೇ ಹುಡುಕಿಕೊಂಡು ಹೋಗುವುದು ಇದಕ್ಕೇ: ಅದರ ಕೆಳಗೆ ಕುಸಿಯಲು ಏನೂ ಇಲ್ಲ.

ನಿಜವಾದ ವಯಸ್ಸು ಬೇಕಾದರೆ ಮೇಲಿನ 100–150 ವರ್ಷಕ್ಕೆ ಸೀಸ-210 ಎಂಬ ವಿಕಿರಣಶೀಲ ಸೀಸವನ್ನು ಅಳೆಯಬೇಕು. ಅದರ ಅರ್ಧಾಯುಷ್ಯ ಸುಮಾರು 22 ವರ್ಷ. ಅದನ್ನು ತಾಳೆ ನೋಡಲು ಸೀಸಿಯಂ-137 ಇದೆ. ಬಯಲಿನಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳ ಧೂಳು 1963ರಲ್ಲಿ ಅತಿ ಹೆಚ್ಚಿದ್ದುದರಿಂದ ಆ ವರ್ಷದ ಪದರ ಮೊನಚಾಗಿ ಎದ್ದು ಕಾಣುತ್ತದೆ. ಅದಕ್ಕಿಂತ ಹಿಂದಕ್ಕೆ ಇಂಗಾಲ-14. ಇಲ್ಲಿ ಆಗುವ ದೊಡ್ಡ ತಪ್ಪು ಒಂದು ಚಮಚ ಪೀಟನ್ನು ಹಾಗೇ ಕಳಿಸುವುದು. ಮೇಲಿನ ಕಾಲದ ಬೇರು ಕೆಳಗಿನ ಪೀಟಿಗೆ ಇಳಿದಿರುತ್ತದೆ, ಫಲಿತಾಂಶ ನಿಜಕ್ಕಿಂತ ಕಿರಿಯದಾಗುತ್ತದೆ. ಹೂಳಿನ ಜೊತೆ ಬಂದ ಹಳೆಯ ಇಂಗಾಲ ಅದನ್ನೇ ಹಿರಿಯದಾಗಿಸಲೂಬಹುದು. ಗೆಡ್ಡೆಕಾಂಡಕ್ಕೆ ಇನ್ನೂ ಅಂಟಿಕೊಂಡ ನೆಟ್ಟಗಿನ ಕಾಂಡದ ಬುಡ, ಅಥವಾ ಬೀಜ, ಇಂಥದ್ದನ್ನು ಚಿಮುಟದಲ್ಲಿ ಆರಿಸಿ, ತೊಳೆದು, ಅಂಟಿದ ಸಣ್ಣ ಬೇರು ಕಿತ್ತು ಕಳಿಸಬೇಕು. ತಳದಲ್ಲಿ ಒಂದು, ನಡುವೆ ಒಂದೆರಡು, ಇಷ್ಟಾದರೂ ಬೇಕು. ಒಂದೇ ವಯಸ್ಸು ಸಿಕ್ಕರೆ ನಡುವೆ ಬೆಳವಣಿಗೆ ನಿಂತಿತ್ತೋ ಇಲ್ಲವೋ ತಿಳಿಯುವುದಿಲ್ಲ.

ಮಾದರಿ ತೆಗೆಯುವಾಗ ಕುಸಿದ ದಡದ ಮುಖವನ್ನೇ ನಂಬಬೇಡಿ. ಇಳಿತದಲ್ಲಿ ಅದರಿಂದ ನೀರು ಬಸಿದು ಗಾಳಿ ಹೊಕ್ಕಿರುತ್ತದೆ, ಹೆಂಟೆಗಳು ಜಾರಿ ಪದರ ಏರುಪೇರಾಗಿರುತ್ತದೆ. ದಡದಿಂದ ಕೆಲವು ಮೀಟರ್ ಒಳಗೆ ಹೋಗಿ ರಷ್ಯನ್ ಕೋರರ್ ಬಳಸಿ. ಅದು ಅರ್ಧಕೊಳವೆಯಂತಿದ್ದು, ಆಳಕ್ಕೆ ತಳ್ಳಿದ ಮೇಲೆ ತಿರುಗಿಸಿದರೆ ಪಕ್ಕದಿಂದ ಪೀಟನ್ನು ಕತ್ತರಿಸಿ ಹಿಡಿದುಕೊಳ್ಳುತ್ತದೆ, ಒತ್ತುವುದಿಲ್ಲ. ಬರೀ ಪಿವಿಸಿ ಅಥವಾ ಅಲ್ಯೂಮಿನಿಯಂ ಕೊಳವೆಯೇ ಗತಿಯಾದರೆ ಅಂಚನ್ನು ಚೂಪು ಮಾಡಿ, ಮೆಲ್ಲಗೆ ತಿರುಗಿಸುತ್ತ ಇಳಿಸಿ. ಮೇಲೆತ್ತುವ ಮೊದಲು ಕೊಳವೆಯ ಒಳಗಿನ ಪೀಟಿನ ಮೇಲ್ಮೈ ಹೊರಗಿನ ನೆಲಕ್ಕಿಂತ ಎಷ್ಟು ತಗ್ಗಿದೆ ಎಂದು ಅಳೆದು ಬರೆದುಕೊಳ್ಳಿ. 100 ಸೆಂ.ಮೀ. ಇಳಿಸಿ ಒಳಗೆ 85 ಸೆಂ.ಮೀ. ಇದ್ದರೆ ಶೇ. 15 ಒತ್ತಿಹೋಗಿದೆ. ಈ ಅಳತೆ ಬಿಟ್ಟುಹೋದರೆ ಮುಂದಿನ ಸಾಂದ್ರತೆಯ ಲೆಕ್ಕವೆಲ್ಲ ಹಾಳು.

ಪ್ರಯೋಗಶಾಲೆಯಲ್ಲಿ 1 ಅಥವಾ 2 ಸೆಂ.ಮೀ. ಬಿಲ್ಲೆಗಳಾಗಿ ಕತ್ತರಿಸಿ, ಪ್ರತಿಯೊಂದರ ಗಾತ್ರ ಬರೆದಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ತೂಗಿ, ನುಣ್ಣಗೆ ಪುಡಿಮಾಡಿ, ಮೂಸೆಯಲ್ಲಿ 550 ಡಿಗ್ರಿ ಸೆಲ್ಸಿಯಸ್‌ನಲ್ಲಿ 4 ಗಂಟೆ ಸುಡಿ. ಕಳೆದುಹೋದ ತೂಕವೇ ಸಾವಯವ ಪಾಲು. ಉಪ್ಪುಜೌಗಿನಲ್ಲಿ ಒಂದು ಎಚ್ಚರಿಕೆ: ಪೀಟ್ ಬಹುಪಾಲು ನೀರು, ನೀರಿನಲ್ಲಿ ಉಪ್ಪು. ಘನ ಸೆಂಟಿಮೀಟರಿನಲ್ಲಿ 0.85 ಗ್ರಾಂ ನೀರಿದ್ದು, ಅದರಲ್ಲಿ ಸಾವಿರಕ್ಕೆ 30ರಷ್ಟು ಉಪ್ಪಿದ್ದರೆ, ಒಣಗಿದ ಮೇಲೆ 0.025 ಗ್ರಾಂ ಉಪ್ಪು ಉಳಿಯುತ್ತದೆ. ಇಡೀ ಒಣತೂಕವೇ 0.2 ಗ್ರಾಂ ಆಸುಪಾಸಿನಲ್ಲಿರುವಾಗ ಇದು ಹತ್ತರಲ್ಲೊಂದು ಪಾಲಿಗಿಂತಲೂ ಹೆಚ್ಚು, ಅದೂ ಖನಿಜದ ಲೆಕ್ಕಕ್ಕೆ ಸೇರಿಬಿಡುತ್ತದೆ. ನೀರಿನ ಪ್ರಮಾಣ ಮತ್ತು ಉಪ್ಪಿನಂಶದಿಂದ ಅದನ್ನು ಕಳೆಯಲೇಬೇಕು.

ಜೌಗು ಈಗಲೂ ಏರುತ್ತಿದೆಯೇ ಎಂದು ತಿಳಿಯಲು ಎರಡು ಅಳತೆ ಒಟ್ಟಿಗೆ ಬೇಕು. 50 × 50 ಸೆಂ.ಮೀ. ಚೌಕದಲ್ಲಿ ಫೆಲ್ಡ್‌ಸ್ಪಾರ್ ಎಂಬ ಖನಿಜದ ಬಿಳಿ ಪುಡಿಯನ್ನು ತೆಳ್ಳಗೆ ಹಾಸಿ, ವರ್ಷದ ನಂತರ ಸಣ್ಣ ತುಂಡು ಕತ್ತರಿಸಿದರೆ ಬಿಳಿಗೆರೆಯ ಮೇಲೆ ಎಷ್ಟು ಕೂತಿದೆ ಎಂದು ಗೊತ್ತಾಗುತ್ತದೆ. ಆದರೆ ಇದು ಮೇಲೆ ಕೂತದ್ದನ್ನು ಮಾತ್ರ ಹೇಳುತ್ತದೆ. ಗೆರೆಯ ಕೆಳಗೆ ಬೇರು ಉಬ್ಬಿಸಿತೋ, ಕೊಳೆತು ಕುಸಿಯಿತೋ ಅದಕ್ಕೆ ತಿಳಿಯದು. ಅದಕ್ಕಾಗಿ ಇನ್ನು ಇಳಿಯದಷ್ಟು ಆಳಕ್ಕೆ ಉಕ್ಕಿನ ಸರಳು ಹೊಡೆದು, ಅದರ ತಲೆಗೆ ಅಡ್ಡತೋಳು ಕೂರಿಸಿ, ತೋಳಿನ 9 ಕಡ್ಡಿಗಳನ್ನು ನೆಲಕ್ಕೆ ತಾಗಿಸಿ ನಾಲ್ಕು ದಿಕ್ಕಿನಲ್ಲಿ 36 ಅಳತೆ ತೆಗೆಯುವ ಸೆಟ್ (ಸರ್ಫೇಸ್ ಎಲಿವೇಶನ್ ಟೇಬಲ್) ಎಂಬ ಸಾಧನವಿದೆ. ಎರಡರ ವ್ಯತ್ಯಾಸವೇ ನೆಲದೊಳಗಿನ ಲೆಕ್ಕ. ಹಲಗೆಯ ಮೇಲೆ ನಿಂತೇ ಅಳೆಯಿರಿ, ಒಂದು ಹೆಜ್ಜೆಗುರುತು ವರ್ಷಗಳ ಏರಿಕೆಯನ್ನು ನುಂಗುತ್ತದೆ. ಒಂದೆರಡು ವರ್ಷದ ಅಂಕಿ ಹಿಡಿದು ಏನನ್ನೂ ಹೇಳಬೇಡಿ.

ಸಾವಿರ ವರ್ಷದ ಪೀಟ್ ಹಾಳಾಗಲು ಮಾತ್ರ ಸಾವಿರ ವರ್ಷ ಬೇಡ, ನೀರು ಬಸಿದರೆ ಸಾಕು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ–ಸ್ಯಾನ್ ವಾಕೀನ್ ಡೆಲ್ಟಾದಲ್ಲಿ ಸಿಹಿನೀರಿನ ಉಬ್ಬರದ ಪೀಟ್ ಆರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕೂಡಿತ್ತು. 19ನೇ ಶತಮಾನದ ನಡುವಿನಿಂದ ಒಡ್ಡು ಕಟ್ಟಿ, ನೀರು ಬಸಿದು ಬೇಸಾಯ ಮಾಡಿದ್ದರಿಂದ ಗಾಳಿ ತಾಗಿ ಪೀಟ್ ಕೊಳೆತು, ಕೆಲವು ದ್ವೀಪಗಳ ನೆಲ ಈಗ ಸಮುದ್ರಮಟ್ಟಕ್ಕಿಂತ 7 ಮೀಟರಿಗೂ ಹೆಚ್ಚು ಕೆಳಗಿದೆ. ಉಪ್ಪುಜೌಗಿನಲ್ಲಿ ಇನ್ನೊಂದು ಕೇಡು: ಪೀಟಿನಲ್ಲಿ ಅಡಗಿದ ಪೈರೈಟ್ ಎಂಬ ಕಬ್ಬಿಣ–ಗಂಧಕದ ಖನಿಜ ಗಾಳಿಗೆ ಗಂಧಕಾಮ್ಲವಾಗಿ, ಮಣ್ಣಿನ ಪಿಎಚ್ 4ಕ್ಕಿಂತ ಕೆಳಗಿಳಿಯುತ್ತದೆ.

ನಿಮ್ಮ ಕೊರಕಲಿನ ದಡ ಏಕೆ ಕುಸಿಯಿತು ಎಂಬುದನ್ನೂ ನೋಡಿ. ಕೊರಕಲು ಬಳುಕುವಲ್ಲಿ ಹೊರದಡ ಕುಸಿಯುವುದು ಸಹಜ. ಎದುರುದಡದಲ್ಲಿ ಹೊಸ ಹುಲ್ಲು ಬರುತ್ತಿದ್ದರೆ ಚಿಂತೆಯಿಲ್ಲ. ಎರಡೂ ದಡ ಬಿರುಕುಬಿಟ್ಟು ಜಾರುತ್ತಿದ್ದರೆ ನೀರಿನಲ್ಲಿ ಸಾರಜನಕ ಹೆಚ್ಚಾಗಿದೆಯೇ ಎಂದು ಪರೀಕ್ಷಿಸಿ. ಮ್ಯಾಸಚೂಸೆಟ್ಸ್‌ನ ಪ್ಲಮ್ ಐಲೆಂಡ್ ಅಳಿವೆಯಲ್ಲಿ ಒಂಬತ್ತು ವರ್ಷ ನಡೆಸಿ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪೋಷಕಾಂಶ ಸೇರಿಸಿದ ಕೊರಕಲುಗಳ ಹುಲ್ಲು ಮೇಲೆ ಹುಲುಸಾಯಿತು, ಕೆಳಗೆ ಬೇರು ಕಡಿಮೆಯಾಗಿ ದಡ ಕುಸಿಯಿತು. ಎಲ್ಲ ಜೌಗುಗಳೂ ಹೀಗೇ ವರ್ತಿಸುತ್ತವೆ ಎಂದಲ್ಲ, ಆದರೆ ಪರೀಕ್ಷಿಸದೆ ಬಿಡಬಾರದು. ಜೋತುಬಿದ್ದ ದಡದ ಕೆಳಗೆ ನಿಲ್ಲಬೇಡಿ, ನೀರು ಇಳಿಯುತ್ತಿರುವಾಗ ಇಳಿದು, ಏರತೊಡಗುವ ಮೊದಲೇ ಮೇಲೆ ಬನ್ನಿ. ಒಂದೇ ಒಂದು ಮಾದರಿ ತೆಗೆಯಲು ಸಾಧ್ಯವಿದ್ದರೆ ಬೂದು ಕೆಸರು ಮುಗಿದು ಕಂದು ನಾರು ಶುರುವಾಗುವ ಗಡಿಯ ಆಚೀಚೆ 5 ಸೆಂ.ಮೀ. ತೆಗೆಯಿರಿ. ಹುಲ್ಲು ಅಲ್ಲಿ ಮೊದಲು ಬೇರೂರಿದ್ದು ಆ ಬೆರಳಗಲದಲ್ಲೇ.